ತಪಸಿ ಮರದಲ್ಲಿ ಮಂಚ ಮಾಡಿಸಬಹುದೇ?

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ದೊಡ್ಡ ತಪಸಿ ಮರವಿದೆ. ಅದು ವಿದೇಶದ ಎಲ್ಮ್ ಜಾತಿಯದು, ಮಂಚ-ಕುರ್ಚಿಗೆ ಒಳ್ಳೆಯದು ಅನ್ನುತ್ತಾನೆ ಮಗ. ಬಡಿಗ್ಯಾರು ‘ಬ್ಯಾಡ್ರಿ, ಹುಳ ಹಿಡೀತದ’ ಅನ್ನುತ್ತಾರೆ. ಏನು ಮಾಡಲಿ?
— ಓದುಗರು, ಹಾನಗಲ್ಲ ತಾಲ್ಲೂಕು

ಉತ್ತರ: ಬಡಿಗ್ಯಾರ ಮಾತು ಕೇಳಿ. ಹಾಗಂತ ಮರವನ್ನು ಉರುವಲಿಗೆ ಮಾರಿಬಿಡಬೇಡಿ.

ತಪಸಿ ಎಲ್ಮ್ ಕುಟುಂಬದ್ದೇ, ಅದರಲ್ಲಿ ಸುಳ್ಳಿಲ್ಲ. ಇಂಗ್ಲೆಂಡಿನಲ್ಲಿ ವಿಂಡ್ಸರ್ ಕುರ್ಚಿಯ ಆಸನಕ್ಕೆ ಎಲ್ಮ್ ಹಲಗೆಯನ್ನೇ ಹುಡುಕುತ್ತಿದ್ದರು. ಎಳೆಗಳು ಹೆಣೆದುಕೊಂಡಿರುವುದರಿಂದ ಎಷ್ಟು ತೂತು ಕೊರೆದರೂ ಅದು ಸೀಳುವುದಿಲ್ಲ. ತಪಸಿಗೂ ಆ ಗುಣವಿದೆ. ಆದರೆ ಎಲ್ಮಿನಲ್ಲಿ ಕಂದು ಬಣ್ಣದ ತಿರುಳು ಬೇರೆಯಾಗಿ ಕಾಣುತ್ತದೆ. ತಪಸಿಯಲ್ಲಿ ತೊಗಟೆಯಿಂದ ನಡುವಿನವರೆಗೂ ಒಂದೇ ಬಿಳಿಹಳದಿ. ಸಾಗವಾನಿಯನ್ನು ಕಾಯುವುದು ಅದರ ಎಣ್ಣೆಯುಳ್ಳ ತಿರುಳು. ತಪಸಿಗೆ ಆ ಕಾವಲಿಲ್ಲ. ಕಡಿದು ಹಾಗೇ ಬಿಟ್ಟರೆ ಮೊದಲು ನೀಲಿ-ಬೂದು ಕಲೆ ಏಳುತ್ತದೆ, ಆಮೇಲೆ ಕುಟ್ಟೆ ಹುಳು. ಮಂಚದ ಕೆಳಗೆ ನುಣ್ಣನೆಯ ಹಿಟ್ಟು ಬಿದ್ದಿತೆಂದರೆ ಒಳಗೆ ಕೆಲಸ ಶುರುವಾಗಿದೆ ಎಂದೇ ಅರ್ಥ.

ಹೀಗೆ ಮಾಡಿ. ಕಡಿಯುವುದಿದ್ದರೆ ಚಳಿಗಾಲದಲ್ಲಿ, ಕಡಿದ ವಾರದೊಳಗೆ ದಿಮ್ಮಿ ಸಾಮಿಲ್ಲಿಗೆ ಹೋಗಬೇಕು. ಹಸಿ ಹಲಗೆಯನ್ನು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ನೆನೆಸಿ. ಒಣಗಿದ ಮೇಲೆ ಬಳಿದರೆ ಒಳಕ್ಕೆ ಇಳಿಯುವುದಿಲ್ಲ. ಆಮೇಲೆ ನೆರಳಿನಲ್ಲಿ, ಹಲಗೆ ಹಲಗೆಯ ನಡುವೆ ರೀಪು ಇಟ್ಟು, ಮೇಲೆ ಭಾರ ಹೇರಿ, ಮಳೆಗಾಲದೊಳಗೆ ಒಣಗಿಸಿ. ಮಳೆ ನೀರು ಬಡಿದರೆ ಬೋರಾಕ್ಸ್ ತೊಳೆದು ಹೋಗುತ್ತದೆ. ಹಾಗಾಗಿ ಬಾಗಿಲು, ಕಿಟಕಿ, ಪಡಸಾಲೆಯ ಬೆಂಚಿಗೆ ತಪಸಿ ಬೇಡವೇ ಬೇಡ.

ಬಡಿಗ್ಯಾರು ಬೇಸರಪಡಲು ಇನ್ನೊಂದು ಕಾರಣವಿದೆ, ಹೇಳಿರಲಿಕ್ಕಿಲ್ಲ. ಉಜ್ಜುಗೊರಡು ಹೊಡೆದಾಗ ಒಂದು ಪಟ್ಟಿ ಕನ್ನಡಿಯಂತೆ ನುಣುಪಾದರೆ, ಪಕ್ಕದ್ದು ಎಳೆ ಎದುರಾಗಿ ಕಿತ್ತು ಬರುತ್ತದೆ. ಉಳಿಕೆ ಕೆಲಸ ಮರಳು ಕಾಗದದ್ದು; ಕೂಲಿ ಅಷ್ಟು ಹೆಚ್ಚು ಕೊಡಬೇಕಾದೀತು.

ನನ್ನ ಸಲಹೆ: ಮಂಚದ ಕಾಲು, ಚೌಕಟ್ಟು ಸಾಗವಾನಿ ಅಥವಾ ಮತ್ತಿಯದಿರಲಿ, ಮೇಲಿನ ಹಲಗೆ ತಪಸಿಯದು. ಕಪಾಟಿನ ಒಳಗೂಡು, ಕುರ್ಚಿಯ ಆಸನಕ್ಕೂ ಆದೀತು.

ಕೊಡಲಿ ಎತ್ತುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಸ್ವಂತ ಹೊಲದ ಮರಗಳಿಗೂ ಅನ್ವಯಿಸುತ್ತದೆ. ಕೆಲವು ಜಾತಿಗಳಿಗಷ್ಟೇ ವಿನಾಯಿತಿ.