ಆಮೆ ಕಲ್ಲು ನುಂಗಿತೇ? ಹರಳೆಣ್ಣೆ ಬಾಟಲಿ ಕೆಳಗಿಡಿ

‘ನಮ್ಮ ಆಮೆ ತೊಟ್ಟಿಯಲ್ಲಿದ್ದ ಬಣ್ಣದ ಕಲ್ಲು ನುಂಗಿಬಿಟ್ಟಿದೆ, ಹರಳೆಣ್ಣೆ ಎಷ್ಟು ಹನಿ ಹಾಕಬೇಕು?’ ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆಯ ಓದುಗರಿಂದ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಹರಳೆಣ್ಣೆಯ ಜಾಗದಲ್ಲಿ ಕೆಲವರು ಕೊಬ್ಬರಿ ಎಣ್ಣೆ ಎನ್ನುತ್ತಾರೆ, ಇನ್ನು ಕೆಲವರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣವೇ ಎಂದು ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ: ಒಂದು ಹನಿಯೂ ಬೇಡ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಯಾವ ಆಮೆ ಎಂಬುದು. ಅಪಾರ್ಟ್‌ಮೆಂಟುಗಳ ಗಾಜಿನ ತೊಟ್ಟಿಗಳಲ್ಲಿರುವುದು ಬಹುಪಾಲು ಅಮೆರಿಕ ಮೂಲದ ರೆಡ್ ಇಯರ್ಡ್ ಸ್ಲೈಡರ್. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ನೀರಾಮೆ ಅದು. ಅಂಗಡಿಯಲ್ಲಿ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾಗಿ ಕಂಡದ್ದು ಬೆಳೆದು ಊಟದ ತಟ್ಟೆಯಗಲವಾಗುತ್ತದೆ, ಇಪ್ಪತ್ತು–ಮೂವತ್ತು ವರ್ಷ ಬದುಕುತ್ತದೆ. ಬಣ್ಣಗಳು ಅದಕ್ಕೆ ಚೆನ್ನಾಗಿ ಕಾಣುತ್ತವೆ. ಕೆಂಪೋ ಹಳದಿಯೋ ಕಣ್ಣಿಗೆ ಬಿದ್ದರೆ ಮೊದಲು ಬಾಯಿ ಹಾಕುತ್ತದೆ, ತಿನ್ನುವ ವಸ್ತುವೋ ಅಲ್ಲವೋ ಎಂಬ ವಿಚಾರ ಆಮೇಲೆ. ನೀರಿನ ತಳದಲ್ಲಿ ಬಿದ್ದ ಆಹಾರದ ಕಾಳು ಕಚ್ಚುವಾಗ ಪಕ್ಕದ ಕಲ್ಲೂ ಜತೆಗೆ ಒಳಗೆ ಹೋಗುತ್ತದೆ.

ಕಲ್ಲೊಂದೇ ಅಲ್ಲ. ಫಿಲ್ಟರಿನ ಸ್ಪಂಜು, ಹೀಟರಿನ ರಬ್ಬರ್ ಬಿರಡೆ, ಪ್ಲಾಸ್ಟಿಕ್ ಗಿಡದ ಎಲೆ, ಮಕ್ಕಳ ಹೇರ್‌ಬ್ಯಾಂಡು, ರಿಮೋಟಿನ ಬಟನ್ ಬ್ಯಾಟರಿ. ಕಾರ್ಖಾನೆಗಳಿರುವ ಪೀಣ್ಯ, ಬೊಮ್ಮಸಂದ್ರದ ಮನೆಗಳಲ್ಲಿ ಇನ್ನೊಂದು ಬಗೆಯ ಅಪಾಯವಿದೆ: ಕೆಲಸದ ಪ್ಯಾಂಟಿನ ಜೇಬಿನಿಂದಲೋ ಬೂಟಿನ ಅಡಿಯಿಂದಲೋ ಉದುರುವ ವಾಷರ್, ಸ್ಕ್ರೂ, ಸೋಲ್ಡರ್ ತುಂಡು, ಲೇತ್‌ನಿಂದ ಬಂದ ಲೋಹದ ಸುರುಳಿ. ನೆಲದ ಮೇಲೆ ಓಡಾಡಲು ಬಿಟ್ಟ ಆಮೆಗೆ ಇವೆಲ್ಲ ಮೂತಿಯ ಎತ್ತರದಲ್ಲೇ ಸಿಗುತ್ತವೆ. ಸೀಸ ಇರುವ ಸೋಲ್ಡರ್, ಸತುವಿನ ಲೇಪವಿರುವ ವಾಷರ್ ಹೊಟ್ಟೆಯಲ್ಲಿ ಕೂತರೆ ಅಡಚಣೆಯ ಜತೆಗೆ ನಿಧಾನವಾಗಿ ವಿಷವನ್ನೂ ಬಿಡುತ್ತವೆ.

ಎಣ್ಣೆ ಯಾಕೆ ಬೇಡ

ನಮ್ಮ ಮನೆಗಳಲ್ಲಿ ಹೊಟ್ಟೆ ಕಟ್ಟಿದರೆ ಹರಳೆಣ್ಣೆ. ಅಜ್ಜಿಯ ಕಾಲದಿಂದ ಬಂದ ಮದ್ದು, ನಂಬಿಕೆ ಗಟ್ಟಿ. ಆಮೆಯ ಒಡಲಿನ ರಚನೆ ಮಾತ್ರ ನಮ್ಮ ಹಾಗಿಲ್ಲ. ಅದರ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುತ್ತದೆ. ಬಲವಂತವಾಗಿ ಬಾಯಿ ಬಿಡಿಸಿ ಸಿರಿಂಜಿನಿಂದ ಎಣ್ಣೆ ಹಾಕಿದರೆ ಅದು ಹೊಟ್ಟೆಗೆ ಇಳಿದಷ್ಟೇ ಸುಲಭವಾಗಿ ಶ್ವಾಸಕೋಶಕ್ಕೂ ಇಳಿಯುತ್ತದೆ. ನಮಗಾದರೆ ಕೆಮ್ಮಿ ಹೊರಹಾಕಲು ವಪೆ ಇದೆ. ಆಮೆಗೆ ನಮ್ಮಂಥ ವಪೆ ಇಲ್ಲ, ಸರಿಯಾಗಿ ಕೆಮ್ಮಲು ಅದಕ್ಕೆ ಬರುವುದಿಲ್ಲ. ಎಣ್ಣೆ ಒಳಗೇ ಉಳಿಯುತ್ತದೆ. ದಿನಗಳು ಕಳೆದ ಮೇಲೆ ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ನೀರಿನಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡು ಈಜುವುದು ಶುರುವಾಗುತ್ತದೆ. ಆಗ ಮನೆಯವರು ‘ಕಲ್ಲಿನಿಂದ ಹೀಗಾಯಿತು’ ಎಂದುಕೊಳ್ಳುತ್ತಾರೆ. ಆಗಿರುವುದು ಎಣ್ಣೆಯಿಂದ ಬಂದ ನ್ಯುಮೋನಿಯಾ. ನುಣುಪಾದ ಸಣ್ಣ ಕಲ್ಲಾದರೆ ಎಷ್ಟೋ ಸಲ ತಾನಾಗಿಯೇ ಮಲದೊಂದಿಗೆ ಬಿದ್ದು ಹೋಗುತ್ತದೆ. ಶ್ವಾಸಕೋಶಕ್ಕೆ ಇಳಿದ ಎಣ್ಣೆ ಹಾಗೆ ಹೋಗುವುದಿಲ್ಲ.

‘ಸಿರಿಂಜ್ ಬೇಡ, ಊಟದ ಕಾಳಿಗೆ ಸವರಿ ಕೊಡುತ್ತೇವೆ’ ಎನ್ನುವವರೂ ಇದ್ದಾರೆ. ಅದೂ ಬೇಡ. ನೀರಾಮೆ ನುಂಗುವುದು ನೀರಿನೊಳಗೆ. ಎಣ್ಣೆಯೆಲ್ಲ ಮೇಲೆ ತೇಲಿ ತೊಟ್ಟಿ ಹೊಲಸಾಗುತ್ತದೆ ಅಷ್ಟೆ. ಹಾಲು, ತುಪ್ಪ, ಮನುಷ್ಯರ ಭೇದಿ ಮಾತ್ರೆ, ಇಸಬಗೋಲು, ಉಪ್ಪುನೀರು ಎಲ್ಲಕ್ಕೂ ಇದೇ ಮಾತು. ನಾಯಿಗೆ ಮಾಡಿಸಿದಂತೆ ಆಮೆಗೆ ವಾಂತಿ ಮಾಡಿಸಲು ಮನೆಯಲ್ಲಿ ಯಾವ ದಾರಿಯೂ ಇಲ್ಲ. ವೈದ್ಯರು ಎಣ್ಣೆಯಂಥದ್ದೇನಾದರೂ ಕೊಡುವುದಾದರೆ ಕೊಳವೆಯನ್ನು ನೇರ ಹೊಟ್ಟೆಗೆ ಇಳಿಸಿ ಕೊಡುತ್ತಾರೆ. ಅದನ್ನು ನೋಡಿ ಬಂದು ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಮೊದಲ ಒಂದು ಗಂಟೆ

ಆಮೆಯನ್ನು ತೊಟ್ಟಿಯಿಂದ ತೆಗೆದು ಬೇರೆ ಟಬ್ಬಿಗೆ ಹಾಕಿ. ತೊಟ್ಟಿಯಲ್ಲಿ ಇನ್ನೊಂದು ಆಮೆಯಿದ್ದರೆ ನುಂಗಿದ್ದು ಯಾವುದೆಂದು ಖಾತ್ರಿಯಾಗುವವರೆಗೆ ಅದನ್ನೂ ಪ್ರತ್ಯೇಕವಾಗಿಡಿ. ಗಾಬರಿಯಲ್ಲಿ ತೊಟ್ಟಿ ತೊಳೆಯಲು ಹೋಗಬೇಡಿ. ಇದ್ದದ್ದು ಇದ್ದ ಹಾಗೆ ಫೋಟೊ ತೆಗೆಯಿರಿ, ಏನು ಕಾಣೆಯಾಗಿದೆ ನೋಡಿ, ಅದೇ ಬಗೆಯ ಇನ್ನೊಂದು ವಸ್ತುವಿದ್ದರೆ ಕವರಿಗೆ ಹಾಕಿಟ್ಟುಕೊಳ್ಳಿ. ಅಳತೆ ತಿಳಿಯಲು ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಅಡುಗೆಮನೆಯ ತೂಕದ ಯಂತ್ರವಿದ್ದರೆ ಆಮೆಯ ತೂಕ ಬರೆದಿಡಿ. ಔಷಧದ ಲೆಕ್ಕವೆಲ್ಲ ಗ್ರಾಂನಲ್ಲೇ ನಡೆಯುತ್ತದೆ.

ವಸ್ತು ಬಾಯಿಯ ತುದಿಯಲ್ಲೇ ಸಡಿಲವಾಗಿ ಕಾಣುತ್ತಿದ್ದರೆ ಮೊಂಡು ತುದಿಯ ಚಿಮಟದಿಂದ ತೆಗೆಯಬಹುದು. ಒಂದಿಷ್ಟು ತಡೆದಂತಾದರೂ ಕೈಬಿಡಿ. ದಾರ, ಕೂದಲು, ಮೀನಿನ ಗಾಳದ ನೈಲಾನ್ ಎಳೆ ಬಾಯಿಂದಲೋ ಮಲದ್ವಾರದಿಂದಲೋ ಇಣುಕುತ್ತಿದ್ದರೆ ಎಳೆಯಲೇಬೇಡಿ. ಒಳಗೆ ಕರುಳು ಆ ದಾರದ ಸುತ್ತ ನೆರಿಗೆಗಟ್ಟಿರುತ್ತದೆ, ಎಳೆದರೆ ಕೊಯ್ದುಹೋಗುತ್ತದೆ.

ಬಟನ್ ಬ್ಯಾಟರಿ, ಅಯಸ್ಕಾಂತ, ಸೂಜಿ, ಗಾಳ, ಇಲಿ ಪಾಷಾಣ, ಜಿರಳೆ ಸೀಮೆಸುಣ್ಣ, ಫಿನಾಯಿಲ್ ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಇಲ್ಲಿಗೇ ಓದು ನಿಲ್ಲಿಸಿ ಹೊರಡಿ. ಬ್ಯಾಟರಿ ಒದ್ದೆ ಮಾಂಸಕ್ಕೆ ತಾಗಿದ ಜಾಗವನ್ನು ಸುಡಲು ದಿನಗಳು ಬೇಕಿಲ್ಲ. ವಿಷವಾದರೆ ಪ್ಯಾಕೆಟ್ ಜತೆಗಿರಲಿ, ಮೈಗೆ ತಾಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಯ್ಯಿರಿ.

ಉಳಿದವಕ್ಕೆ ಅರ್ಧ ರಾತ್ರಿ ಓಡಬೇಕಿಲ್ಲ, ಮರುದಿನ ಬೆಳಿಗ್ಗೆ ಹೊರಟರೂ ಸರಿ. ‘ಚೆನ್ನಾಗಿ ಓಡಾಡ್ತಿದೆಯಲ್ಲ, ನೋಡೋಣ’ ಎಂದು ವಾರಗಟ್ಟಲೆ ಬಿಡುವುದು ಮಾತ್ರ ತಪ್ಪು. ಆಮೆಯ ಜೀರ್ಣಕ್ರಿಯೆ ಅದರ ಸುತ್ತಲಿನ ಶಾಖದ ಮೇಲೆ ನಿಂತಿದೆ. ಬೆಚ್ಚಗಿದ್ದರೂ ತಿಂದದ್ದು ಹೊರಬರಲು ದಿನಗಳು ಬೇಕು, ತಣ್ಣಗಿದ್ದರೆ ವಾರಗಳು. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹೀಟರಿಲ್ಲದ ತೊಟ್ಟಿಯ ಆಮೆಯ ಕರುಳು ಆಗ ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಊಟ ಬಿಡುವುದು, ಮಲ ಹಾಕದಿರುವುದು, ತಿಣುಕುವುದು, ಹಿಂಗಾಲು ಎಳೆಯುವುದು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಲಕ್ಷಣ ಕಾಣುವ ಮೊದಲೇ ಎಕ್ಸ್‌ರೇ ತೆಗೆಸಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಎಲ್ಲಿಗೆ, ಹೇಗೆ

ಹೊರಡುವ ಮುನ್ನ ಫೋನ್ ಮಾಡಿ. ನಿಮ್ಮ ಬೀದಿಯ ಪೆಟ್ ಕ್ಲಿನಿಕ್ ನಾಯಿಗೆ ಎಷ್ಟೇ ಒಳ್ಳೆಯದಿರಲಿ, ಆಮೆ ನೋಡಿ ಅಭ್ಯಾಸವಿರುವ ವೈದ್ಯರು ಕಡಿಮೆ. ಮೂರೇ ಪ್ರಶ್ನೆ ಕೇಳಿ: ಆಮೆ, ಹಾವು, ಹಲ್ಲಿಯಂಥ ಸರೀಸೃಪಗಳನ್ನು ನೋಡುತ್ತೀರಾ? ಎಕ್ಸ್‌ರೇ ನಿಮ್ಮಲ್ಲೇ ಇದೆಯಾ? ನೋಡುವ ಡಾಕ್ಟರು ಈಗ ಇದ್ದಾರಾ? ಎಲೆಕ್ಟ್ರಾನಿಕ್ ಸಿಟಿಯಿಂದ ಸಿಲ್ಕ್ ಬೋರ್ಡ್ ದಾಟಿ ಬಂದು ‘ಡಾಕ್ಟರು ನಾಳೆ ಬರ್ತಾರೆ’ ಎನಿಸಿಕೊಳ್ಳುವ ಸಂಕಟ ಬೇಡ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ವಿಚಾರಿಸಿ. ಪೀಣ್ಯದವರಿಗೆ ಗೊರಗುಂಟೆಪಾಳ್ಯ ದಾಟಿದರೆ ರಿಂಗ್ ರೋಡಿನಲ್ಲಿ ನೇರ ದಾರಿ, ವೈಟ್‌ಫೀಲ್ಡಿನವರು ಟ್ರಾಫಿಕ್ಕಿನ ಹೊತ್ತು ತಪ್ಪಿಸಿ ಹೊರಡುವುದು ಒಳ್ಳೆಯದು.

ನೀರು ತುಂಬಿದ ಬಕೆಟ್ಟಿನಲ್ಲಿ ಒಯ್ಯಬೇಡಿ. ಸುಸ್ತಾದ ಆಮೆ ನೀರಿನಲ್ಲೇ ಮುಳುಗಿ ಸಾಯುತ್ತದೆ, ನೀರಾಮೆಯಾದರೂ ಅಷ್ಟೆ. ಮುಚ್ಚಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬ, ಒಳಗೆ ಒದ್ದೆ ಟವಲ್, ಚಳಿಯಿದ್ದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಸಾಕು. ಕ್ಯಾಬಿನ ಎ.ಸಿ. ಆರಿಸಲು ಹೇಳಿ. ದಾರಿಯಲ್ಲಿ ಮಲ ಹಾಕಿದರೆ ಎಸೆಯಬೇಡಿ, ಅದನ್ನೂ ತೋರಿಸಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆಮೆಗಳ ಮೈಮೇಲೂ ಮಲದಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮಕ್ಕಳಿಗೆ ತಗಲುತ್ತದೆಂದೇ ಅಮೆರಿಕದಲ್ಲಿ ನಾಲ್ಕಿಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲೇ ನಿಷೇಧಿಸಿದರು. ನಮ್ಮಲ್ಲಿ ಬಹುತೇಕ ಮಾರಾಟವಾಗುವುದೇ ಆ ಅಳತೆಯವು.

ಕ್ಲಿನಿಕ್ಕಿನಲ್ಲಿ ಒಂದು ಮಾತನ್ನು ಮರೆಯದೆ ಕೇಳಿ. ಜಂತು, ಉಣ್ಣೆಗೆ ನಾಯಿ–ದನಗಳಿಗೆ ಕೊಡುವ ಐವರ್‌ಮೆಕ್ಟಿನ್ ಆಮೆಗೆ ಮಾರಕ. ಕೈಕಾಲು ಸೋತು, ಉಸಿರು ನಿಂತು ಸಾಯಬಹುದು. ಆಮೆ ಬಲ್ಲ ವೈದ್ಯರಿಗೆ ಇದು ಗೊತ್ತೇ ಇರುತ್ತದೆ. ಗೊತ್ತಿಲ್ಲದವರ ಕೈಗೆ ಸಿಕ್ಕಿದ್ದರೆ ಕೇಳಿದ್ದರಿಂದ ನಷ್ಟವೇನೂ ಇಲ್ಲ. ‘ಡಾಕ್ಟ್ರೇ, ಇದರಲ್ಲಿ ಐವರ್‌ಮೆಕ್ಟಿನ್ ಇಲ್ಲ ತಾನೇ?’ ಎಂದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ಎಕ್ಸ್‌ರೇಯಲ್ಲಿ ಕಲ್ಲು, ಲೋಹ ಬಿಳಿಯಾಗಿ ಕಾಣುತ್ತವೆ. ಪ್ಲಾಸ್ಟಿಕ್, ಸ್ಪಂಜು, ರಬ್ಬರ್ ಸಾಮಾನ್ಯವಾಗಿ ಕಾಣುವುದಿಲ್ಲ. ‘ಏನೂ ಇಲ್ಲ’ ಎಂಬ ಫಿಲಂ ನೋಡಿ ಖುಷಿಯಿಂದ ಮನೆಗೆ ಬರುವ ಮೊದಲು ನುಂಗಿದ್ದು ಏನೆಂದು ಇನ್ನೊಮ್ಮೆ ಹೇಳಿ. ಬೇರಿಯಂ ಕೊಟ್ಟು ಮತ್ತೆ ಮತ್ತೆ ಎಕ್ಸ್‌ರೇ ತೆಗೆದು ಅದು ಎಲ್ಲಿ ತಡೆಯುತ್ತದೆ ಎಂದು ನೋಡಬೇಕಾಗಬಹುದು. ಹೊಟ್ಟೆಯಲ್ಲೇ ಇದ್ದರೆ ಕೆಲವೊಮ್ಮೆ ಎಂಡೋಸ್ಕೋಪಿಯಿಂದ ತೆಗೆಯುತ್ತಾರೆ. ಇಲ್ಲವಾದರೆ ಶಸ್ತ್ರಚಿಕಿತ್ಸೆ: ಹಿಂಗಾಲಿನ ಮುಂದಿನ ಮೆತ್ತಗಿನ ಜಾಗದಿಂದ, ಅಥವಾ ಹೊಟ್ಟೆಯ ಕಡೆಯ ಚಿಪ್ಪನ್ನೇ ಚೌಕಾಕಾರವಾಗಿ ಕೊಯ್ದು. ಆಮೇಲೆ ಆ ತುಂಡನ್ನು ಮತ್ತೆ ಕೂರಿಸಿ ಎಪಾಕ್ಸಿಯಿಂದ ಮುಚ್ಚುತ್ತಾರೆ. ಪೂರ್ತಿ ಬೆಸೆಯಲು ತಿಂಗಳುಗಟ್ಟಲೆ ಬೇಕು. ಖರ್ಚು ಆಮೆ ಕೊಂಡ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ‘ಇನ್ನೊಂದು ತಂದರಾಯಿತು’ ಎನ್ನುವವರು ಮೊದಲನೆಯದನ್ನೂ ತರಬಾರದಿತ್ತು.

ಕಾದು ನೋಡಿ ಎಂದರೆ

ಸಣ್ಣ, ನುಣುಪು ಕಲ್ಲಾಗಿದ್ದರೆ ವೈದ್ಯರು ಮನೆಗೆ ಕಳಿಸುವುದೇ ಹೆಚ್ಚು. ಆಗ ನಿಮ್ಮ ಕೆಲಸ ಶಾಖ ಮತ್ತು ನೀರು. ತೊಟ್ಟಿಯ ನೀರು 25 ಡಿಗ್ರಿಯ ಆಸುಪಾಸು, ಮೈ ಕಾಯಿಸುವ ಕಟ್ಟೆ 30–32 ಡಿಗ್ರಿ. ಥರ್ಮಾಮೀಟರ್ ಇಟ್ಟೇ ನೋಡಿ, ಕೈಯಂದಾಜು ಬೇಡ. ಪ್ಲಾಸ್ಟಿಕ್ ಟಬ್ಬನ್ನು ಬಾಲ್ಕನಿಯ ಬಿಸಿಲಿಗಿಟ್ಟು ಆಫೀಸಿಗೆ ಹೋದರೆ ಸಂಜೆಗೆ ಆಮೆ ಬೆಂದಿರುತ್ತದೆ. ತಳ ಬರಿದಾಗಿರಲಿ, ಕಲ್ಲೂ ಬೇಡ ಮರಳೂ ಬೇಡ. ಊಟ ಯಾವಾಗ, ಎಷ್ಟು ಎಂಬುದು ವೈದ್ಯರು ಹೇಳಿದಂತೆ. ನೀರು ಬದಲಿಸುವಾಗ ಜರಡಿಯಲ್ಲಿ ಸೋಸಿ, ಸಿಕ್ಕ ಕಲ್ಲನ್ನು ಎಣಿಸಿ. ಅಡುಗೆಮನೆಯ ಜರಡಿಯಲ್ಲಲ್ಲ. ತಿಣುಕಿ ತಿಣುಕಿ ಮಲದ್ವಾರದಿಂದ ಮಾಂಸ ಹೊರಬಂದರೆ ಶುದ್ಧವಾದ ಒದ್ದೆ ಬಟ್ಟೆ ಹೊದಿಸಿ ತಕ್ಷಣ ವಾಪಸ್ ಒಯ್ಯಿರಿ, ಒಳಗೆ ತಳ್ಳಲು ಹೋಗಬೇಡಿ.

ಗುಣವಾದ ಮೇಲೆ ತೊಟ್ಟಿಗೆ ಹಾಕುವ ಕಲ್ಲು ಆಮೆಯ ತಲೆಗಿಂತ ದೊಡ್ಡದಿರಬೇಕು, ಅದು ಬೆಳೆದಂತೆ ಕಲ್ಲೂ ಬದಲಾಗಬೇಕು. ನನ್ನನ್ನು ಕೇಳಿದರೆ ಕಲ್ಲೇ ಬೇಕಿಲ್ಲ. ಮರಿಯಾಮೆಯ ಜತೆಗೆ ಬಣ್ಣದ ಕಲ್ಲಿನ ಪ್ಯಾಕೆಟ್ಟನ್ನೂ ಕೈಗಿಡುವ ಅಂಗಡಿಯವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೀಟರ್, ಫಿಲ್ಟರುಗಳಿಗೆ ಜಾಲರಿಯ ಕವಚವಿರಲಿ. ಸುಣ್ಣದ ಅಂಶ ಕಡಿಮೆಯಾದ ಆಮೆಯೂ ಕಲ್ಲು ಕಚ್ಚುವುದುಂಟು, ಅದಕ್ಕೆ ಕಟಲ್‌ಬೋನ್ ಹಾಕಿ. ಸಾಕಿ ಸಾಕಾಯಿತೆಂದು ಸ್ಲೈಡರನ್ನು ವರ್ತೂರು ಕೆರೆಗೋ ಹೆಬ್ಬಗೋಡಿ ಕೆರೆಗೋ ಬಿಡಬೇಡಿ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ನಿಮ್ಮಲ್ಲಿರುವುದು ನಕ್ಷತ್ರ ಆಮೆಯಾದರೆ ಮಾತು ಬೇರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಅದನ್ನು ಮನೆಯಲ್ಲಿ ಸಾಕುವುದೇ ಅಪರಾಧ, ಮೂರರಿಂದ ಏಳು ವರ್ಷ ಜೈಲು. ಹೆದರಿ ಚಿಕಿತ್ಸೆ ತಪ್ಪಿಸುವುದಕ್ಕಿಂತ ಅರಣ್ಯ ಇಲಾಖೆಗೆ ಒಪ್ಪಿಸಿ. ಕೆರೆ ದಂಡೆಯಲ್ಲಿ ಗಾಳ ನುಂಗಿದ ಕಾಡಾಮೆ ಸಿಕ್ಕರೆ ಎಳೆಯನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಉಳಿದ ತುದಿಯನ್ನು ಚಿಪ್ಪಿಗೆ ಟೇಪಿನಿಂದ ಅಂಟಿಸಿ, ಡಬ್ಬದಲ್ಲಿಟ್ಟು ಅರಣ್ಯ ಸಹಾಯವಾಣಿ 1926ಕ್ಕೋ ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೋ ತಿಳಿಸಿ. ಅದು ಕಾಡುಪ್ರಾಣಿಗಳ ಆಸ್ಪತ್ರೆ, ಮನೆಯ ಸ್ಲೈಡರನ್ನು ಅಲ್ಲಿಗೆ ಹೊತ್ತೊಯ್ಯಬೇಡಿ.