ಕಾರಕ ಮತ್ತು ಕಾನೂನು: ಪೊಲೀಸ್ ತರಬೇತಿಯಲ್ಲಿ ಅಪರಾಧ ಘಟಕಾಂಶಗಳ ಕಲಿಕೆ

1. ಪ್ರಸ್ತಾವನೆ

ಬೆಂಗಳೂರು ಉತ್ತರ ಭಾಗದ ಯಲಹಂಕ ಮತ್ತು ಥಣಿಸಂದ್ರಗಳಲ್ಲಿ ಪೊಲೀಸ್ ತರಬೇತಿ ಶಾಲೆಗಳಿವೆ. ಇಂತಹ ಶಾಲೆಗಳಿಗೆ ಬರುವ ಹೊಸ ಸಿಬ್ಬಂದಿಯು ಕವಾಯತಿನ ಜೊತೆಗೆ ದಂಡಶಾಸ್ತ್ರವನ್ನೂ ಕಲಿಯಬೇಕಾಗುತ್ತದೆ. ಆ ಕಲಿಕೆಯ ಮೊದಲ ಮೆಟ್ಟಿಲು ಅಪರಾಧದ ಘಟಕಾಂಶಗಳು. ಒಂದು ಕೃತ್ಯವನ್ನು ಕಳವು ಎಂದೋ ವಂಚನೆ ಎಂದೋ ಕರೆಯಬೇಕಾದರೆ ಯಾವ ಯಾವ ಸಂಗತಿಗಳು ಸಾಬೀತಾಗಬೇಕೋ ಆ ಸಂಗತಿಗಳೇ ಘಟಕಾಂಶಗಳು. ಅವುಗಳಲ್ಲಿ ಒಂದು ಬಿದ್ದುಹೋದರೂ ಆ ಅಪರಾಧವು ನಿಲ್ಲುವುದಿಲ್ಲ.

ಇದು ಕಾನೂನಿನ ವಿಷಯ, ಇದಕ್ಕೂ ಕನ್ನಡ ಅಧ್ಯಯನಕ್ಕೂ ಸಂಬಂಧವೇನು ಎಂಬ ಪ್ರಶ್ನೆ ಸಹಜ. ಆದರೆ ಕರ್ನಾಟಕದ ಠಾಣೆಗಳಲ್ಲಿ ಪಿರ್ಯಾದಿಯು ಘಟನೆಯನ್ನು ಹೇಳುವುದು ಬಹುಮಟ್ಟಿಗೆ ಕನ್ನಡದಲ್ಲಿ. ಅದನ್ನು ಬರೆದುಕೊಳ್ಳುವುದೂ ಕನ್ನಡದಲ್ಲಿ. ಮುಂದಿನ ತನಿಖೆ, ದೋಷಾರೋಪಣ ಪಟ್ಟಿ, ವಿಚಾರಣೆಗಳೆಲ್ಲ ಆ ಮೊದಲ ಬರವಣಿಗೆಯನ್ನು ಆಧರಿಸಿ ಬೆಳೆಯುತ್ತವೆ. ಘಟಕಾಂಶವು ಉಳಿಯುವುದೂ ಅಳಿಯುವುದೂ ಒಂದು ಕನ್ನಡ ವಾಕ್ಯದೊಳಗೆ. ಆದ್ದರಿಂದ ಸ್ವತ್ತಿಗೆ ಸಂಬಂಧಿಸಿದ ಕೆಲವು ಅಪರಾಧಗಳನ್ನು ಆರಿಸಿಕೊಂಡು, ಅವುಗಳ ಘಟಕಾಂಶಗಳನ್ನು ಕನ್ನಡದ ಕಾರಕ ಸಂಬಂಧಗಳ ಮೂಲಕ ಕಲಿಸಲು ಸಾಧ್ಯವೇ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

2. ಸಂಖ್ಯೆಯ ಕಂಠಪಾಠ ಮತ್ತು ಅದರ ಮಿತಿ

ಭಾರತ ದಂಡ ಸಂಹಿತೆಯು 1860ರಲ್ಲಿ ರೂಪುಗೊಂಡು 1862ರ ಜನವರಿ 1ರಿಂದ ಜಾರಿಗೆ ಬಂದಿತು. ಒಂದೂವರೆ ಶತಮಾನಕ್ಕೂ ಮಿಕ್ಕಿದ ಬಳಕೆಯಿಂದ ಅದರ ಕಲಮುಗಳ ಸಂಖ್ಯೆಗಳೇ ಪದಗಳಾಗಿ ಬೆಳೆದವು. ಮೋಸಗಾರನನ್ನು 'ಫೋರ್ ಟ್ವೆಂಟಿ' ಎನ್ನುವುದು ಕನ್ನಡದ ಆಡುಮಾತಿನಲ್ಲಿಯೂ ನೆಲೆಯೂರಿದೆ. ಠಾಣೆಯ ಪರಿಭಾಷೆಯಲ್ಲಂತೂ 302 ಎಂದರೆ ಕೊಲೆ, 379 ಎಂದರೆ ಕಳವು ಎಂಬುದು ವಿವರಣೆಯ ಅಗತ್ಯವಿಲ್ಲದ ಮಾತಾಗಿತ್ತು.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ, 2023 ಜಾರಿಗೆ ಬಂದಾಗ ಈ ಸಂಖ್ಯೆಗಳೆಲ್ಲ ಸ್ಥಳ ಬದಲಿಸಿದವು. 511 ಕಲಮುಗಳ ಜಾಗದಲ್ಲಿ 358 ಕಲಮುಗಳು ಬಂದವು. ಕಳವು 303ಕ್ಕೂ, ಬೆದರಿಸಿ ಕಿತ್ತುಕೊಳ್ಳುವ ಅಪರಾಧವು 308ಕ್ಕೂ, ಸುಲಿಗೆ 309ಕ್ಕೂ, ಡಕಾಯಿತಿ 310ಕ್ಕೂ, ನಂಬಿಕೆದ್ರೋಹ 316ಕ್ಕೂ, ವಂಚನೆ 318ಕ್ಕೂ ಬಂದು ನಿಂತವು. ಹಳೆಯ ಸಂಹಿತೆಯಲ್ಲಿ 304 ಎಂಬುದು ಕೊಲೆಯಲ್ಲದ ನರಹತ್ಯೆಗೆ ಶಿಕ್ಷೆ ಹೇಳುವ ಕಲಮು. ಹೊಸ ಸಂಹಿತೆಯಲ್ಲಿ ಅದೇ ಸಂಖ್ಯೆಯು ಕೈಯಿಂದ ಕಸಿದೊಯ್ಯುವ ಅಪರಾಧದ್ದು. 2024ರ ಜುಲೈ 1ಕ್ಕೆ ಮುಂಚೆ ನಡೆದ ಕೃತ್ಯಗಳಿಗೆ ಹಳೆಯ ಸಂಹಿತೆಯೇ ಅನ್ವಯವಾಗುವುದರಿಂದ ತರಬೇತಿಯಲ್ಲಿರುವವರಿಗೆ ಎರಡೂ ತಿಳಿದಿರಬೇಕು. ಸಂಖ್ಯೆಯನ್ನೇ ನೆಚ್ಚಿದ ನೆನಪು ಇಲ್ಲಿ ಕೈಕೊಡುತ್ತದೆ.

ಗಮನಿಸಬೇಕಾದುದೆಂದರೆ, ಶಿಕ್ಷೆಯ ಪ್ರಮಾಣದಲ್ಲಿ ಕೆಲವು ಬದಲಾವಣೆಗಳಾಗಿದ್ದರೂ ಮೇಲೆ ಹೆಸರಿಸಿದ ಹಳೆಯ ಅಪರಾಧಗಳ ಮೂಲ ಘಟಕಾಂಶಗಳು ಬಹುತೇಕ ಹಾಗೆಯೇ ಉಳಿದಿವೆ. ಕಳವಿಗೆ ಐದು ಅಂಶಗಳು ಬೇಕು: ಚರ ಸ್ವತ್ತು, ಅದು ಬೇರೊಬ್ಬರ ಸ್ವಾಧೀನದಲ್ಲಿರುವುದು, ಅವರ ಸಮ್ಮತಿ ಇಲ್ಲದಿರುವುದು, ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶ, ಅದಕ್ಕಾಗಿ ಆ ಸ್ವತ್ತನ್ನು ಸ್ಥಳದಿಂದ ಕದಲಿಸುವುದು. ಸಂಖ್ಯೆ 379 ಆಗಿದ್ದಾಗಲೂ 303 ಆದಾಗಲೂ ಇವು ಐದೇ.

3. ಆಡುಮಾತಿನ ಕ್ರಿಯಾಪದಗಳು

ಸ್ವತ್ತನ್ನು ಕಳೆದುಕೊಂಡವರ ಮಾತಿನಲ್ಲಿ ಕನ್ನಡದ ಕ್ರಿಯಾಪದ ಸಂಪತ್ತು ದೊಡ್ಡದು. ಕದ್ದ, ಕಿತ್ತುಕೊಂಡ, ಕಸಿದ, ದೋಚಿದ, ಲಪಟಾಯಿಸಿದ, ನುಂಗಿಹಾಕಿದ, ಟೋಪಿ ಹಾಕಿದ, ನಾಮ ಹಾಕಿದ, ಮೋಸ ಮಾಡಿದ ಇತ್ಯಾದಿ. ಇವು ನೊಂದವರ ಸಿಟ್ಟನ್ನೂ ನಷ್ಟವನ್ನೂ ಸಮರ್ಥವಾಗಿ ಹೇಳುತ್ತವೆ. ಅಪರಾಧವನ್ನು ಗುರುತಿಸಿ ಹೇಳುವುದಿಲ್ಲ. 'ನನ್ನ ದುಡ್ಡು ನುಂಗಿಹಾಕಿದ' ಎಂಬ ಮಾತು ವಂಚನೆಗೂ ಸಲ್ಲುತ್ತದೆ, ನಂಬಿಕೆದ್ರೋಹಕ್ಕೂ ಸಲ್ಲುತ್ತದೆ, ಯಾವ ಅಪರಾಧವೂ ಅಲ್ಲದ ಬಾಕಿ ಸಾಲಕ್ಕೂ ಸಲ್ಲುತ್ತದೆ.

ನಾಮಪದಗಳಲ್ಲಿಯೂ ಇದೇ ಸ್ಥಿತಿ. 'ಸುಲಿಗೆ' ಎಂಬ ಪದವನ್ನು ಪತ್ರಿಕೆಗಳು ಬೆದರಿಸಿ ಹಣ ಪಡೆಯುವುದಕ್ಕೂ, ಹಲ್ಲೆ ಮಾಡಿ ಕಿತ್ತುಕೊಳ್ಳುವುದಕ್ಕೂ ಬಳಸುತ್ತವೆ. 'ದರೋಡೆ' ಎಂಬುದು ಇಬ್ಬರು ಮಾಡಿದ ಕೃತ್ಯಕ್ಕೂ ಹತ್ತು ಜನ ಮಾಡಿದ ಕೃತ್ಯಕ್ಕೂ ಹೊಂದುತ್ತದೆ. ಆದರೆ ಡಕಾಯಿತಿಗೆ ಐದು ಅಥವಾ ಹೆಚ್ಚು ಜನ ಕೂಡಿರಬೇಕೆಂಬುದು ಕಾನೂನಿನ ಕಟ್ಟುನಿಟ್ಟು. 'ಸರಗಳ್ಳತನ' ಎಂಬ ಸಮಾಸಪದವು ಕೃತ್ಯವನ್ನು ಕಳ್ಳತನದ ಗುಂಪಿಗೆ ಸೇರಿಸುತ್ತದೆ. ಕತ್ತಿನ ಸರವನ್ನು ಥಟ್ಟನೆ ಕಿತ್ತೊಯ್ಯುವುದು ಈಗ 304ನೆಯ ಕಲಮಿನ ಪ್ರತ್ಯೇಕ ಅಪರಾಧ. ಕೀಳುವ ಸಲುವಾಗಿ ಬೇಕೆಂದೇ ಗಾಯಪಡಿಸಿದ್ದರೆ ಅದು ಸುಲಿಗೆಯಾಗುತ್ತದೆ. ಒಂದೇ ಸಮಾಸದ ಒಳಗೆ ಮೂರು ಬಗೆಯ ಶಿಕ್ಷೆಗಳ ಸಾಧ್ಯತೆ ಅಡಗಿದೆ.

4. ಕಾರಕದ ನೆಲೆಯಿಂದ ಅಪರಾಧಗಳ ವಿಂಗಡಣೆ

ಕೇಶಿರಾಜನ ಶಬ್ದಮಣಿದರ್ಪಣದಿಂದ ಇಂದಿನ ಶಾಲಾ ವ್ಯಾಕರಣದವರೆಗೆ ಕಾರಕದ ಚರ್ಚೆ ಕನ್ನಡದ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದೇ. ಕ್ರಿಯೆಯೊಡನೆ ನಾಮಪದಕ್ಕಿರುವ ಅರ್ಥಸಂಬಂಧವೇ ಕಾರಕ. ಅದನ್ನು ತೋರುವ ರೂಪ ವಿಭಕ್ತಿ. ಸ್ವತ್ತಿನ ಅಪರಾಧಗಳನ್ನು 'ಕೊಡು' ಮತ್ತು 'ತೆಗೆದುಕೊಳ್ಳು' ಎಂಬ ಎರಡು ಕ್ರಿಯೆಗಳ ಸುತ್ತ ನಿಲ್ಲಿಸಿ ನೋಡಿದರೆ ಅವುಗಳ ವ್ಯತ್ಯಾಸವು ಕಾರಕ ಸಂಬಂಧಗಳ ವ್ಯತ್ಯಾಸವಾಗಿ ಕಾಣಿಸುತ್ತದೆ. ಕೆಳಗಿನ ಸಂದರ್ಭಗಳು ಪಾಠಕ್ಕಾಗಿ ಕಲ್ಪಿಸಿದವು.

(ಅ) ಯಲಹಂಕದ ಬಸ್ಸಿನಲ್ಲಿ ಪ್ರಯಾಣಿಕನ ಜೇಬಿನಿಂದ ಒಬ್ಬನು ಪರ್ಸನ್ನು ಎತ್ತುತ್ತಾನೆ. ಇಲ್ಲಿ ಕೊಟ್ಟವರಿಲ್ಲ, ತೆಗೆದುಕೊಂಡವನಷ್ಟೇ ಇದ್ದಾನೆ. ಸ್ವತ್ತು ಯಾರ ಸ್ವಾಧೀನದಿಂದ ಅಗಲಿತು ಎಂಬ ಅಪಾದಾನವೇ ಮುಖ್ಯ. ಇದು ಕಳವು.

(ಆ) ಆರ್.ಟಿ. ನಗರದ ಅಂಗಡಿಯವನಿಗೆ ಒಬ್ಬನು ದೂರವಾಣಿಯಲ್ಲಿ ಅಂಗಡಿ ಸುಡುವುದಾಗಿ ಬೆದರಿಸುತ್ತಾನೆ. ಮರುದಿನ ಅಂಗಡಿಯವನು ಹಣ ತಲುಪಿಸುತ್ತಾನೆ. ಇಲ್ಲಿ 'ಕೊಡು' ಕ್ರಿಯೆಗೆ ನೊಂದವನೇ ಕರ್ತೃ. ಕೊಟ್ಟದ್ದಕ್ಕೆ ಕಾರಣ ಭಯ. ಇದು 308ನೆಯ ಕಲಮಿನ ಅಪರಾಧ.

(ಇ) ಹೆಬ್ಬಾಳದ ಮೇಲ್ಸೇತುವೆಯ ಬಳಿ ರಾತ್ರಿ ಇಬ್ಬರು ಬೈಕ್ ಸವಾರನನ್ನು ತಡೆದು, ಚಾಕು ತೋರಿಸಿ, ಅಲ್ಲಿಯೇ ಮೊಬೈಲ್ ಪಡೆಯುತ್ತಾರೆ. ಭಯವು ತತ್‌ಕ್ಷಣದ್ದು, ಬೆದರಿಸಿದವನು ಎದುರಿಗೇ ಇದ್ದಾನೆ. ಇದು ಸುಲಿಗೆ. ಹಿಂದಿನ ಸಂದರ್ಭದಿಂದ ಇದನ್ನು ಬೇರ್ಪಡಿಸುವುದು ಅಧಿಕರಣ, ಅಂದರೆ ದೇಶ ಕಾಲಗಳ ಸಾಮೀಪ್ಯ.

(ಈ) ಒಬ್ಬನು ತನ್ನದಲ್ಲದ ನಿವೇಶನವನ್ನು ನಕಲಿ ಪತ್ರ ತೋರಿಸಿ ತನ್ನದೆಂದು ನಂಬಿಸಿ ಮುಂಗಡ ಪಡೆಯುತ್ತಾನೆ. ಇಲ್ಲಿಯೂ ಕೊಟ್ಟವನು ನೊಂದವನೇ. ಕಾರಣ ಭಯವಲ್ಲ, ಹುಸಿ ನಂಬಿಕೆ. ಇದು ವಂಚನೆ.

(ಉ) ಯಶವಂತಪುರದ ಮಾರುಕಟ್ಟೆಯ ವರ್ತಕನೊಬ್ಬನು ಬ್ಯಾಂಕಿಗೆ ಕಟ್ಟಲೆಂದು ಗುಮಾಸ್ತನಿಗೆ ಹಣ ಒಪ್ಪಿಸುತ್ತಾನೆ. ಗುಮಾಸ್ತನು ಅದನ್ನು ತನಗಾಗಿ ಬಳಸಿಕೊಳ್ಳುತ್ತಾನೆ. ಕೊಡುವಾಗ ಭಯವೂ ಇಲ್ಲ, ಹುಸಿಯೂ ಇಲ್ಲ. 'ಗುಮಾಸ್ತನಿಗೆ' ಎಂಬ ಚತುರ್ಥಿಯಲ್ಲಿರುವ ಒಪ್ಪಿಸುವಿಕೆಯೇ ಮೂಲಾಂಶ. ಇದು ನಂಬಿಕೆದ್ರೋಹ.

(ಊ) ಯಶವಂತಪುರ ರೈಲು ನಿಲ್ದಾಣದಲ್ಲಿ ಬಿದ್ದಿದ್ದ ಪರ್ಸು ಒಬ್ಬನಿಗೆ ಸಿಗುತ್ತದೆ. ಒಳಗಿನ ಚೀಟಿಯಿಂದ ಒಡೆಯನಾರೆಂದು ತಿಳಿದೂ ಹಣವನ್ನು ತನ್ನದಾಗಿಸಿಕೊಳ್ಳುತ್ತಾನೆ. ಇಲ್ಲಿ ಕೊಟ್ಟವರೂ ಇಲ್ಲ, ಒಬ್ಬರ ಸ್ವಾಧೀನದಿಂದ ತೆಗೆದದ್ದೂ ಇಲ್ಲ. ಇದು 314ನೆಯ ಕಲಮಿನ ದುರ್ವಿನಿಯೋಗ.

ಈ ವಿಂಗಡಣೆಯಲ್ಲಿ ಷಷ್ಠಿಯ ಸ್ಥಾನ ವಿಚಾರಾರ್ಹ. ಸಂಪ್ರದಾಯದ ವ್ಯಾಕರಣವು ಷಷ್ಠಿಗೆ ಕಾರಕತ್ವವನ್ನು ಒಪ್ಪುವುದಿಲ್ಲ. ಅದು ನಾಮಪದಕ್ಕೂ ನಾಮಪದಕ್ಕೂ ಇರುವ ಸಂಬಂಧ. ಕಳವಿನ ವ್ಯಾಖ್ಯೆಯೂ 'ಯಾರ ವಸ್ತು' ಎಂಬ ಒಡೆತನವನ್ನು ಘಟಕಾಂಶವಾಗಿ ಕೇಳುವುದಿಲ್ಲ. 'ಯಾರ ಸ್ವಾಧೀನದಿಂದ' ಎಂದು ಕೇಳುತ್ತದೆ. ದುರಸ್ತಿಯ ಹಣ ಬಾಕಿಯಿರುವಾಗ ಗಡಿಯಾರವನ್ನು ಭದ್ರತೆಯಾಗಿ ಇಟ್ಟುಕೊಂಡ ಕಸುಬುದಾರನಿಂದ, ಆ ಭದ್ರತೆಯನ್ನು ತಪ್ಪಿಸುವ ಉದ್ದೇಶದಿಂದ ಗಡಿಯಾರದ ಒಡೆಯನೇ ಅದನ್ನು ತೆಗೆದುಕೊಂಡು ಹೋದರೆ ಅದೂ ಕಳವೇ. 'ತನ್ನ ವಸ್ತುವನ್ನು ತಾನೇ ಕದ್ದ' ಎಂಬ ವಾಕ್ಯವು ಆಡುಮಾತಿಗೆ ವಿಚಿತ್ರ. ಕಾರಕದ ನೆಲೆಯಲ್ಲಿ ಸುಸಂಗತ.

5. 'ಇಂದ' ಎಂಬ ಪ್ರತ್ಯಯದ ತೊಡಕು

ಮೇಲಿನ ವಿಧಾನಕ್ಕೆ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಶಾಲಾ ವ್ಯಾಕರಣವು ತೃತೀಯೆಗೆ 'ಇಂದ', ಪಂಚಮಿಗೆ 'ದೆಸೆಯಿಂದ' ಎಂದು ಹೇಳಿಕೊಟ್ಟರೂ ಬಳಕೆಯ ಕನ್ನಡದಲ್ಲಿ ಎರಡಕ್ಕೂ 'ಇಂದ' ಒಂದೇ ಇದೆ. ಸಂಸ್ಕೃತ ವ್ಯಾಕರಣದ ಚೌಕಟ್ಟಿನಲ್ಲಿ ಕನ್ನಡವನ್ನು ವಿವರಿಸುವುದನ್ನು ಡಿ.ಎನ್. ಶಂಕರ ಭಟ್ಟರು ಬಲವಾಗಿ ಪ್ರಶ್ನಿಸಿದ್ದಾರೆ. ಹಾಗಿರುವಾಗ ಕಾರಕವನ್ನು ಪೊಲೀಸ್ ಪಾಠಕ್ಕೆ ತರುವುದು ಸರಿಯೇ?

ರೂಪದ ಮಟ್ಟದಲ್ಲಿ ಈ ಆಕ್ಷೇಪ ಒಪ್ಪತಕ್ಕದ್ದು. ಆದರೆ ರೂಪವು ಒಂದಾಗಿರುವುದರಿಂದಲೇ ಅರ್ಥವನ್ನು ಕೇಳಿ ತಿಳಿಯಬೇಕಾದ ಹೊಣೆ ಹೆಚ್ಚುತ್ತದೆ. 'ಚಾಕುವಿನಿಂದ' ಎಂಬಲ್ಲಿ 'ಇಂದ' ಸಾಧನವನ್ನು ಹೇಳುತ್ತದೆ. 'ಜೇಬಿನಿಂದ' ಎಂಬಲ್ಲಿ ಅಗಲಿಕೆಯ ನೆಲೆಯನ್ನು. 'ಹೆದರಿಕೆಯಿಂದ' ಎಂಬಲ್ಲಿ ಕಾರಣವನ್ನು. 'ನಿನ್ನೆಯಿಂದ' ಎಂಬಲ್ಲಿ ಕಾಲವನ್ನು. 'ಅವನ ಕೈಯಿಂದ ಹಣ ಹೋಯಿತು' ಎಂಬ ಹೇಳಿಕೆಯನ್ನು ಪರಿಶೀಲಿಸಬಹುದು. ಹಣವು ಅವನ ಸ್ವಾಧೀನದಿಂದ ಅಗಲಿತೋ, ಅವನ ಮೂಲಕ ಇನ್ನೊಬ್ಬರಿಗೆ ಸೇರಿತೋ, ಅವನ ದೆಸೆಯಿಂದ ನಷ್ಟವಾಯಿತೋ? ಮೊದಲನೆಯದರಲ್ಲಿ 'ಅವನು' ನೊಂದವನು, ಕೊನೆಯದರಲ್ಲಿ ಆರೋಪಿ. ಬರೆದುಕೊಳ್ಳುವವರು ಈ ಪ್ರಶ್ನೆಯನ್ನು ಕೇಳದೆ ವಾಕ್ಯವನ್ನು ಹಾಗೆಯೇ ದಾಖಲಿಸಿದರೆ ಘಟಕಾಂಶವು ಸಂದಿಗ್ಧವಾಗಿ ಉಳಿಯುತ್ತದೆ.

ಕರ್ಮಣಿ ಪ್ರಯೋಗವೂ ಇಂತಹುದೇ ತೊಡಕನ್ನು ತರುತ್ತದೆ. 'ಹಣವನ್ನು ಪಡೆಯಲಾಗಿರುತ್ತದೆ' ಎಂಬ ಕಚೇರಿ ಕನ್ನಡದ ವಾಕ್ಯದಲ್ಲಿ ಕರ್ತೃವೇ ಕಾಣೆಯಾಗುತ್ತಾನೆ. ಹಲವರು ಆರೋಪಿಗಳಿರುವ ಪ್ರಕರಣದಲ್ಲಿ ಯಾರು ಏನು ಮಾಡಿದರೆಂಬುದು ಇಂತಹ ವಾಕ್ಯಗಳಿಂದ ತಿಳಿಯದು.

6. ಉದ್ದೇಶದ ಕಾಲ

ಕಾರಕವು ಎಲ್ಲ ಘಟಕಾಂಶಗಳನ್ನೂ ಹಿಡಿದುಕೊಡಲಾರದು. ಉದ್ದೇಶವು ಮನಸ್ಸಿಗೆ ಸೇರಿದ್ದು. ಅದರಲ್ಲಿಯೂ ಆ ಉದ್ದೇಶವು ಯಾವಾಗ ಹುಟ್ಟಿತು ಎಂಬುದು ವಂಚನೆಯನ್ನೂ ನಂಬಿಕೆದ್ರೋಹವನ್ನೂ ಬೇರ್ಪಡಿಸುವ ಗೆರೆ. ವಂಚನೆಯಲ್ಲಿ ಅಪ್ರಾಮಾಣಿಕ ಉದ್ದೇಶವು ಆರಂಭದಲ್ಲಿಯೇ ಇರಬೇಕು. ನಂಬಿಕೆದ್ರೋಹದಲ್ಲಿ ಸ್ವತ್ತು ನ್ಯಾಯವಾಗಿ ಕೈಸೇರಿ, ಆಮೇಲೆ ದುರ್ಬಳಕೆಯಾಗಬೇಕು. ದೆಹಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಆಗಸ್ಟ್‌ನಲ್ಲಿ ನೀಡಿದ ತೀರ್ಪು ಇದನ್ನೇ ಎತ್ತಿ ಹೇಳಿತು. ಒಂದೇ ಸಂಗತಿಗಳ ಮೇಲೆ ಎರಡೂ ಅಪರಾಧಗಳು ಒಟ್ಟಿಗೆ ನಿಲ್ಲಲಾರವು ಎಂದು ವಿವರಿಸಿ, ಈ ಸೂಕ್ಷ್ಮ ವ್ಯತ್ಯಾಸವನ್ನು ತಿಳಿಯಲು ದೇಶದ ಪೊಲೀಸ್ ಅಧಿಕಾರಿಗಳಿಗೆ ತಕ್ಕ ತರಬೇತಿ ಬೇಕೆಂದು ಅಭಿಪ್ರಾಯಪಟ್ಟಿತು.

ಕ್ರಿಯೆಗಳ ಈ ಪೂರ್ವಾಪರವನ್ನು ಕನ್ನಡದ ಕೃದಂತಾವ್ಯಯಗಳು ನಿಚ್ಚಳವಾಗಿ ತೋರಬಲ್ಲವು. 'ಸುಳ್ಳು ಹೇಳಿ, ನಂಬಿಸಿ, ಹಣ ಪಡೆದನು' ಎಂಬಲ್ಲಿ ಹುಸಿಯು ಪಡೆಯುವುದಕ್ಕೆ ಮುಂಚಿನದು. 'ಹಣ ಪಡೆದು, ಕಟ್ಟದೆ, ಸ್ವಂತಕ್ಕೆ ಬಳಸಿಕೊಂಡನು' ಎಂಬಲ್ಲಿ ತಪ್ಪು ಪಡೆದ ನಂತರದ್ದು. ಎರಡನ್ನೂ 'ಮೋಸ ಮಾಡಿದನು' ಎಂದು ಸಂಗ್ರಹಿಸಿದರೆ ಈ ಕ್ರಮವು ಅಳಿಸಿಹೋಗುತ್ತದೆ. ಜೊತೆಗೆ 'ಹಣ ಪಡೆದು, ವ್ಯಾಪಾರ ಕೆಟ್ಟು, ಹಿಂದಿರುಗಿಸಲಾರದೆ ಹೋದನು' ಎಂಬ ಮೂರನೆಯ ವಾಕ್ಯವೂ 'ಮೋಸ'ದೊಳಗೆ ಸೇರಿಬಿಡುತ್ತದೆ. ಅದು ಸಿವಿಲ್ ವ್ಯಾಜ್ಯವೇ ಹೊರತು ಅಪರಾಧವಲ್ಲ. ಒಂದು ಕ್ರಿಯಾಪದದ ಅಜಾಗರೂಕತೆಯಿಂದ ಸಾಲಗಾರನೊಬ್ಬನು ಆರೋಪಿಯಾಗಿ ನಿಲ್ಲಬಹುದು. ನಿಜವಾಗಿ ವಂಚಿತಳಾದ ಹೆಣ್ಣುಮಗಳ ದೂರು 'ಇದು ಸಿವಿಲ್' ಎಂಬ ಮಾತಿನಿಂದ ಹಿಂದಿರುಗಬಹುದು.

7. ಮಿತಾಕ್ಷರದ ನಿದರ್ಶನ

ಇಂತಹ ವಿಂಗಡಣೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನದ ವ್ಯವಹಾರ ಭಾಗದಲ್ಲಿ ಸಾಹಸ, ಸ್ತೇಯ, ಉಪನಿಧಿಗಳಿಗೆ ಬೇರೆ ಬೇರೆ ಪ್ರಕರಣಗಳಿವೆ. ಎದುರಿಗೇ ಬಲವಂತವಾಗಿ ಅಪಹರಿಸುವುದು ಸಾಹಸ. ಮರೆಯಲ್ಲಿ ಅಪಹರಿಸುವುದು ಸ್ತೇಯ. ನಂಬಿ ಇರಿಸಿದ ಒಡವೆಯ ವಿಚಾರ ಉಪನಿಧಿ. ವಸ್ತು ಹೇಗೆ ಕೈಬದಲಾಯಿತು ಎಂಬ ಪ್ರಶ್ನೆಯೇ ಅಲ್ಲಿಯೂ ವಿಂಗಡಣೆಗೆ ಆಧಾರ. ಮಿತಾಕ್ಷರವು ಸಂಸ್ಕೃತ ಕೃತಿ, ಅದರ ಸಾಮಾಜಿಕ ಚೌಕಟ್ಟೂ ಶಿಕ್ಷಾಕ್ರಮವೂ ಇಂದಿಗೆ ಒಪ್ಪುವಂಥವಲ್ಲ. ಆದರೂ ಪದದ ಅರ್ಥವನ್ನು ನಿಷ್ಕರ್ಷಿಸದೆ ದಂಡವನ್ನು ನಿರ್ಧರಿಸಬಾರದೆಂಬ ಅದರ ಶಿಸ್ತು ಗಮನಾರ್ಹ.

8. ಸಮಾರೋಪ

ಘಟಕಾಂಶಗಳನ್ನು ಕಲಿಸುವುದೆಂದರೆ ಕಾನೂನಿನ ಪದಗಳನ್ನು ಪಿರ್ಯಾದಿಯ ಬಾಯಿಗೆ ತುರುಕುವುದಲ್ಲ. ತರಕಾರಿ ಮಾರುವವಳೊಬ್ಬಳ ಹೇಳಿಕೆಯಲ್ಲಿ 'ಅಪ್ರಾಮಾಣಿಕ ಉದ್ದೇಶದಿಂದ' ಎಂಬ ಪದಪುಂಜ ಕಾಣಿಸಿಕೊಂಡರೆ ಅದು ಅವಳ ಮಾತಲ್ಲವೆಂಬುದು ಓದಿದೊಡನೆ ತಿಳಿಯುತ್ತದೆ. ಬಾಯಿಮಾತಿನ ಮಾಹಿತಿಯನ್ನು ಬರೆದುಕೊಂಡು ಮಾಹಿತಿ ನೀಡಿದವರಿಗೆ ಓದಿ ಹೇಳಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ವಿಧಿಸುತ್ತದೆ. ಓದಿದ್ದು ತನ್ನ ಮಾತೇ ಎಂದು ಅವಳಿಗೆ ಅನಿಸಬೇಕಾದರೆ ಬರವಣಿಗೆಯು ಅವಳ ಕನ್ನಡದಲ್ಲಿರಬೇಕು. ಘಟಕಾಂಶವು ಆ ಕನ್ನಡದ ಸಂಗತಿಗಳೊಳಗೆ ಇರಬೇಕು: ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾಕೆ ಕೊಟ್ಟರು, ಎಲ್ಲಿಂದ ಹೋಯಿತು, ಯಾವುದು ಮೊದಲು, ಯಾವುದು ಆಮೇಲೆ.

ಇವು ಕಾನೂನಿನ ಪ್ರಶ್ನೆಗಳಾಗಿರುವಂತೆಯೇ ವ್ಯಾಕರಣದ ಪ್ರಶ್ನೆಗಳೂ ಹೌದು. ತರಗತಿಯಲ್ಲಿ ಕಾರಕವನ್ನು 'ರಾಮನು, ರಾಮನನ್ನು, ರಾಮನಿಂದ' ಎಂಬ ಪಟ್ಟಿಯಾಗಿ ಕಲಿಸಿ ಮುಗಿಸುವ ಬದಲು ಠಾಣೆಯ ಬರವಣಿಗೆಯನ್ನು ಭಾಷಾಭ್ಯಾಸದ ಸಾಮಗ್ರಿಯಾಗಿ ತೆಗೆದುಕೊಳ್ಳಬಹುದು. ಕನ್ನಡ ವಿಭಾಗಗಳು ಪೊಲೀಸ್ ತರಬೇತಿ ಶಾಲೆಗಳ ಕಾನೂನು ಬೋಧಕರೊಡನೆ ಕೂಡಿ ಕಲ್ಪಿತ ಹೇಳಿಕೆಗಳ ಅಭ್ಯಾಸ ಪುಸ್ತಕವೊಂದನ್ನು ಸಿದ್ಧಪಡಿಸಿದರೆ ಎರಡೂ ಕಡೆಯ ಕಲಿಕೆಗೆ ಪ್ರಯೋಜನವಾಗುತ್ತದೆ. ಕಲಮುಗಳ ಸಂಖ್ಯೆಗಳು ಒಮ್ಮೆ ಬದಲಾಗಿವೆ, ಮತ್ತೊಮ್ಮೆ ಬದಲಾಗಬಹುದು. 'ಯಾರ ಸ್ವಾಧೀನದಿಂದ' ಎಂದು ತಪ್ಪದೆ ಕೇಳುವ ಅಭ್ಯಾಸವು ಎರಡು ಸಂಹಿತೆಗಳಿಗೂ ಸಲ್ಲುತ್ತದೆ.