ಮಾಳಿಗೆಯ ಮಣ್ಣು, ಲೈನು ಮನೆಯ ತಗಡು



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹಳೆಯ ಮನೆಗಳಿಗೆ ತೊಲೆ, ಜಂತಿ, ಹಲಗೆಗಳ ಮೇಲೆ ದಪ್ಪನೆಯ ಮಣ್ಣು ಹಾಕಿದ ಮಾಳಿಗೆ. ಮಣ್ಣು ನಿಧಾನವಾಗಿ ಕಾಯುವುದರಿಂದ ಮಧ್ಯಾಹ್ನದ ಬಿಸಿಲು ಒಳಗಿಳಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಮಳೆಗೆ ಮುನ್ನ ಮೇಲೆ ಸವಳು ಮಣ್ಣು ಹರಡುತ್ತಾರೆ. ಅದರಲ್ಲಿನ ಸೋಡಿಯಂನಿಂದಾಗಿ ಜೇಡಿಯ ಕಣಗಳು ನೀರು ಬಿದ್ದೊಡನೆ ಉಬ್ಬಿ, ಬಿಡಿಯಾಗಿ, ಸಂದುಗಳನ್ನು ಮುಚ್ಚುತ್ತವೆ. ಹೊಲಕ್ಕೆ ಬೇಡವಾದ ಮಣ್ಣು ಮಾಳಿಗೆಗೆ ಬೇಕು!

ಅಲ್ಲಿ ವರ್ಷದ ಮಳೆ ಸುಮಾರು 600 ಮಿ.ಮೀ. ಒಳಗೆ, ಮಲೆನಾಡಿನ ಮಳೆಗೆ ಆ ಮಾಳಿಗೆ ನಿಲ್ಲದು. 2019ರ ಆಗಸ್ಟ್ ಪ್ರವಾಹದಲ್ಲಿ ಅಲ್ಲಿಯೇ ಅನೇಕ ಮಣ್ಣಿನ ಮನೆಗಳು ಕುಸಿದವು. ನಾವು ಕಲಿಯಬೇಕಾದ್ದು ಮಣ್ಣನ್ನಲ್ಲ, ಬಿಸಿಲಿಗೂ ಮನುಷ್ಯನಿಗೂ ನಡುವೆ ಒಂದು ಪದರ ಇಡುವುದನ್ನು.

ಬಯಲುಸೀಮೆಯಿಂದ ತೋಟದ ಕೆಲಸಕ್ಕೆ ಬಂದವರನ್ನು ಎಷ್ಟೋ ಕಡೆ ಬರಿಯ ತಗಡಿನ ಕೆಳಗೆ ಮಲಗಿಸಿದ್ದೇವೆ. ತಗಡು ಹಗಲು ಕಾವಲಿಯಂತೆ ಕಾಯುತ್ತದೆ, ಇರುಳು ಕೊರೆಯುತ್ತದೆ. ಮಳೆಗಾಲದಲ್ಲಿ ಸೌದೆ ಎಷ್ಟು ಉರಿಸಿದರೂ ಕೋಣೆ ಬೆಚ್ಚಗಾಗದು.

ತಗಡಿನಿಂದ ಅರ್ಧ ಅಡಿ ಕೆಳಗೆ ಅಡಕೆ ದಬ್ಬೆಯ ಮುಚ್ಚಿಗೆ ಹೊಡೆಸಿ, ಮೇಲೆ ಸಗಣಿ ಬೆರೆಸಿದ ಮಣ್ಣಿನ ತೆಳು ಲೇಪ ಕೊಡಿ. ಮುಚ್ಚಿಗೆಯ ಮೇಲಿನ ಬಿಸಿ ಗಾಳಿ ಹೋಗಲು ಎರಡೂ ತುದಿಗೆ ಕಿಂಡಿ ಇರಲಿ. ದಬ್ಬೆ ಚೆನ್ನಾಗಿ ಒಣಗಿರಬೇಕು, ಇಲ್ಲವಾದರೆ ಕುಟ್ಟೆ ಹಿಡಿಯುತ್ತದೆ. ಒಲೆಯ ನೇರಕ್ಕೆ ಮಾತ್ರ ದಬ್ಬೆ ಬೇಡ.